ಬೆಣಚಿಗುಡ್ಡದ ಒಂದೇ ಕಾಲುದಾರಿ

"ನಾಲ್ಕು ಮಾರು ಎಡಕ್ಕೆ ಸರಿಯಿರಿ," ಎಂದು ಫೋನು ಕಿವಿಯಲ್ಲಿ ಹೇಳಿತು. ಓಡುತ್ತಿದ್ದ ನೀಲಗಂಗಾ ಎಡಕ್ಕೆ ಸರಿದಳು. ಅವಳ ಗಂಡ ಶಿವಪುತ್ರನಿಗೆ ಅವನ ಫೋನು ಬಲಕ್ಕೆ ತಿರುಗಲು ಹೇಳಿತ್ತು. "ಮ್ಯಾಲ ಸಿಗೂಣು!" ಎಂದು ಕೈಬೀಸಿ ಕೂಗಿದವನು ಸೊಂಟದೆತ್ತರದ ಹುಲ್ಲಿನಾಚೆ ಮರೆಯಾದ.

ಬೆಣಚಿಗುಡ್ಡದಲ್ಲಿ ಆಗ ಕಾಲುದಾರಿ ಎಂಬುದೇ ಇರಲಿಲ್ಲ. ಹಿಂದೆ ಇತ್ತು. ಗದಗ, ಹುಬ್ಬಳ್ಳಿಗಳಿಂದ ರಜೆಯ ದಿನ ಬರುತ್ತಿದ್ದ ಸಾವಿರಾರು ಓಟಗಾರರು ತುಳಿದ ಜಾಡುಗಳು ಮಳೆಗೆ ಕೊರಕಲುಗಳಾಗಿ, ಗುಡ್ಡದ ಕೆಂಪು ಮಣ್ಣು ಕೆರೆಗೆ ಇಳಿಯತೊಡಗಿದಾಗ, ಸಸ್ಯವಿಜ್ಞಾನಿ ಡಾ. ಅನಂತಮತಿ ಉಪಾಧ್ಯೆ 'ಹೆಜ್ಜೆಹಂಚಿಕೆ' ಎಂಬ ವ್ಯವಸ್ಥೆಯನ್ನು ರೂಪಿಸಿದರು. ಮಣ್ಣಿನಲ್ಲಿ ಹೂತ ಸಾಸಿವೆಯಷ್ಟು ಸಣ್ಣ ಸಂವೇದಕಗಳು ನೆಲ ಎಷ್ಟು ತುಳಿತ ತಿಂದಿದೆ ಎಂದು ಅಳೆಯುತ್ತಿದ್ದವು. ಆ ಅಳತೆಗೆ ಅವರು ಇಟ್ಟ ಹೆಸರು 'ನೆಲದಣಿವು'. ದಣಿದ ನೆಲದ ಮೇಲೆ ಫೋನು ಯಾರನ್ನೂ ಕಳಿಸುತ್ತಿರಲಿಲ್ಲ. ಒಬ್ಬರು ತುಳಿದಲ್ಲಿ ಇನ್ನೊಬ್ಬರು ತುಳಿಯದಂತೆ ಪ್ರತಿಯೊಬ್ಬರಿಗೂ ಬೇರೆ ದಾರಿ. ಓಡುವವರ ಖಾಸಗಿತನಕ್ಕೆ ಧಕ್ಕೆಯಾಗಬಾರದೆಂದು ದಾರಿಯ ಲೆಕ್ಕ ಅವರವರ ಫೋನಿನಲ್ಲೇ ನಡೆದು ಅಲ್ಲೇ ಅಳಿಸಿಹೋಗುತ್ತಿತ್ತು. ಮೂರ್ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಗುಡ್ಡದ ತುಂಬ ಹುಲ್ಲು ಮರಳಿ ಬಂತು.

ನೀಲಗಂಗಾ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಶಿವಪುತ್ರನದು ಕನ್ನಡಕದ ಅಂಗಡಿ. ಆ ದಿನ ಅವಳು ತುದಿ ತಲುಪಿ, ನೀರು ಕುಡಿದು, ಕಾದಳು. ಬಿಸಿಲೇರಿತು. ಅವನಿಗೆ ಫೋನು ಮಾಡಿದರೆ ಸಂಪರ್ಕ ಸಿಗಲಿಲ್ಲ. ಕೂಗಿದರೆ ಗಾಳಿ ಬಿಟ್ಟರೆ ಬೇರೆ ಉತ್ತರವಿಲ್ಲ. ಅವನು ಹೋದ ದಿಕ್ಕಿಗೆ ಇಳಿದು ಹುಡುಕಲು ನೋಡಿದಳು. ಎತ್ತ ನೋಡಿದರೂ ಒಂದೇ ಥರದ ಹುಲ್ಲು.

ಗುಡ್ಡದ ಬುಡದಲ್ಲಿದ್ದ ಹೆಜ್ಜೆಹಂಚಿಕೆಯ ಕಚೇರಿಗೆ ಓಡಿದಳು. ಅಲ್ಲಿ ಅನಂತಮತಿಯವರೇ ಇದ್ದರು.

"ನಿಮ್ಮ ನೆಲಕ್ಕ ಎಲ್ಲಾ ಗೊತ್ತಾಗ್ತೈತಿ ಅಂತೀರಲ್ರೀ," ಎಂದಳು ನೀಲಗಂಗಾ ಏದುಸಿರಿನಲ್ಲಿ. "ನಮ್ಮವರು ಎಲ್ಲಿ ಅದಾರ ಹೇಳ್ರಿ."

ಅನಂತಮತಿ ಪರದೆಯತ್ತ ನೋಡುತ್ತಲೇ ಇದ್ದರು. "ಹೆಜ್ಜಿ ಗೊತ್ತಾಗ್ತೈತವ್ವಾ, ಯಾರ ಹೆಜ್ಜಿ ಅನ್ನೂದು ಗೊತ್ತಾಗೂದಿಲ್ಲ. ಬಿದ್ದು ಮಲಗಿದವರದಂತೂ..." ಅವರು ತಡವರಿಸಿದರು. "ಮಲಗಿದ ಮನುಷ್ಯಾನ ಭಾರ ಹರಡಿಹೋಗ್ತೈತಿ. ನೆಲಕ್ಕ ಅದು ಗೊತ್ತಾಗೂದ ಇಲ್ಲ."

ಊರಿನವರು, ಪೊಲೀಸರು, ಓಡಲು ಬಂದಿದ್ದವರು ಸಾಲಾಗಿ ನಿಂತು ಗುಡ್ಡವನ್ನು ಜಾಲಾಡಿದರು. ಮಧ್ಯಾಹ್ನ ದಾಟಿದ ಮೇಲೆ ಶಿವಪುತ್ರ ಸಿಕ್ಕ. ಬೆಣಚುಕಲ್ಲಿನ ಮೇಲೆ ಜಾರಿ ಬಿದ್ದಿದ್ದ. ತೊಡೆ ಆಳವಾಗಿ ಕೊಯ್ದುಹೋಗಿತ್ತು, ಫೋನು ಒಡೆದಿತ್ತು. ಅಂಗಿ ಹರಿದು ತಾನೇ ಕಟ್ಟಿಕೊಳ್ಳಲು ನೋಡಿದ್ದ, ಗಂಟು ಬಿಗಿಯಾಗಿರಲಿಲ್ಲ. ಜೀವ ಹೋಗಿ ಬಹಳ ಹೊತ್ತಾಗಿರಲಿಲ್ಲ ಎಂಬುದು ಅವನ ಕೈ ಮುಟ್ಟಿದ ಕೂಡಲೇ ನೀಲಗಂಗಾಳಿಗೆ ತಿಳಿಯಿತು. ಅದನ್ನು ಅವಳು ಅಲ್ಲಿ ಯಾರಿಗೂ ಹೇಳಲಿಲ್ಲ.

ಕೆಲವು ದಿನಗಳ ಮೇಲೆ ಅನಂತಮತಿ ಅವಳ ಮನೆಗೆ ಬಂದರು. ತಂದ ಹಣ್ಣನ್ನು ಎಲ್ಲಿಡಬೇಕೆಂದು ತೋಚದೆ ಮಡಿಲಲ್ಲೇ ಇಟ್ಟುಕೊಂಡು ಕುಳಿತರು.

"ಒಂದು ಕೇಳ್ಲೇನ್ರೀ?" ಎಂದಳು ನೀಲಗಂಗಾ. "ನಮ್ಮಿಬ್ಬರನ್ನ ಅದು ಯಾಕ ಬ್ಯಾರೆ ಮಾಡ್ತಿತ್ತು?"

"ಒಬ್ಬರ ಹಿಂದ ಒಬ್ಬರು ಓಡಿದ್ರ ಒಂದ ಜಾಗಾಕ್ಕ ಎರಡು ಸಲ ಪೆಟ್ಟು ಬೀಳ್ತೈತಿ. ಗಂಡ-ಹೆಂಡ್ತಿ ಅನ್ನೂದು ಅದಕ್ಕ ಗೊತ್ತಿಲ್ಲ." ಅವರೇ ಮುಂದುವರಿಸಿದರು: "ನಾನೂ ವಿಚಾರ ಮಾಡಿರಲಿಲ್ಲವ್ವಾ."

"ನಾ ಸನೇಕ ಇದ್ದಿದ್ರ ದುಪಟ್ಟಾ ಬಿಗದು ರಕ್ತಾ ನಿಂದ್ರಸ್ತಿದ್ದೆ. ದಿನಾ ಮಾಡೂದು ಅದ ಕೆಲಸ ನಾನು."

ಒಳಗೆ ಕುಕ್ಕರ್ ಕೂಗಿತು. ಇಬ್ಬರೂ ಏಳಲಿಲ್ಲ.

"ನಾಳೆನ ಎಲ್ಲಾ ಬಂದ್ ಮಾಡಿಸಿಬಿಡ್ತೀನಿ," ಎಂದರು ಅನಂತಮತಿ.

"ಬ್ಯಾಡ್ರಿ. ಆ ಹುಲ್ಲಾಗ ಗುಬ್ಬಿ ಗೂಡು ಕಟ್ಯಾವಂತ ಅವರು ಅಂಗಡಿಗೆ ಬಂದವರಿಗೆಲ್ಲಾ ಹೇಳ್ತಿದ್ರು. ಹುಲ್ಲು ಇರ್ಲಿ. ಆದ್ರ ಒಂದು ದಾರಿ ಬಿಡ್ರಿ. ಮುಂದ ಹೋದವರು ಬಿದ್ರ ಹಿಂದ ಬರೂವರಿಗೆ ಕಾಣೂವಂಥಾದ್ದು."

ಕಚೇರಿಗೆ ಮರಳಿದ ಅನಂತಮತಿ ಗುಡ್ಡದ ನಕ್ಷೆ ತೆರೆದರು. ಹಸಿರಿನ ನಡುವೆ ಒಂದೇ ಒಂದು ಕೆಂಪು ಗೆರೆ ಇಳಿಜಾರಿನಿಂದ ಊರಿನವರೆಗೆ ಹರಿದಿತ್ತು. ಶಿವಪುತ್ರನನ್ನು ಹೊತ್ತು ತಂದವರು ಹೆಗಲು ಬದಲಿಸುತ್ತ, ಮುಂದೆ ಹೋಗುತ್ತ, ಹಿಂದೆ ಬರುತ್ತ ತುಳಿದದ್ದು ಅದು. ವ್ಯವಸ್ಥೆ ಅದಕ್ಕೆ 'ಗಾಯ' ಎಂದು ಹೆಸರು ಹಚ್ಚಿ, ಎಲ್ಲರನ್ನೂ ಅಲ್ಲಿಂದ ದೂರ ಕಳಿಸುತ್ತಿತ್ತು. ಎರಡು ಮಳೆಗಾಲ ಸಾಕು, ವಾಸಿಯಾಗುತ್ತದೆ ಎಂದೂ ಲೆಕ್ಕ ಹಾಕಿತ್ತು. ಅನಂತಮತಿ ಆ ಹೆಸರನ್ನು ಅಳಿಸಿದರು. 'ದಾರಿ' ಎಂದು ಬರೆದರು. ಅದು ಎಂದೂ ಮುಚ್ಚದಂತೆ, ಹಗಲೆಲ್ಲ ಅಲ್ಲಿ ಯಾರಾದರೂ ಓಡುತ್ತಿರುವಂತೆ ಹೊಸ ಆದೇಶ ಕೊಟ್ಟರು. ಮಣ್ಣು ಕೊಚ್ಚಿಹೋಗದಿರಲೆಂದು ಅಂಚಿಗೆ ಕಲ್ಲು ಕಟ್ಟಿಸಿದರು.

ಮಳೆಗಾಲ ಮುಗಿದ ಮೇಲೆ ನೀಲಗಂಗಾ ಮತ್ತೆ ಬೂಟು ಕಟ್ಟಿದಳು. ದಾರಿ ಕಿರಿದಾಗಿತ್ತು, ಒಬ್ಬರಿಗಷ್ಟೇ ಸಾಕಾಗುವಷ್ಟು. ಮೊದಲ ಏರಿನಲ್ಲೇ ಅವಳ ಉಸಿರು ಕಟ್ಟಿತು. ಬೆನ್ನ ಹಿಂದೆ ಹೆಜ್ಜೆಗಳ ಸದ್ದಾಯಿತು.

"ಅಕ್ಕಾರ, ಚೂರು ಸರೀರಿ, ಮುಂದ ಹೊಕ್ಕೀನಿ," ಎಂದಳು ಕಾಲೇಜಿನ ವಯಸ್ಸಿನ ಹುಡುಗಿಯೊಬ್ಬಳು.

ನೀಲಗಂಗಾ ಹುಲ್ಲಿಗೆ ಒತ್ತಿ ನಿಂತು ಅವಳಿಗೆ ದಾರಿ ಬಿಟ್ಟಳು.

"ನಡಿಯವ್ವಾ," ಎಂದಳು. "ನಾ ಹಿಂದ ಬರ್ತೀನಿ."