ಅವನು ಅಂಗೈ ಎತ್ತಿದಾಗ

ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು ಒಂದು ಕೈ ಬಿಡಿಸಿ, ಅವಳ ಕಡೆ ಅಂಗೈ ಎತ್ತಿ ಹಿಡಿದ.

ನಿಲ್ಲಿಸು!

ಅರ್ನೆಟ್ಟಾಳ ಬೆರಳುಗಳು ಪಿಯಾನೋ ಮೇಲೆ ಗಾಳಿಯಲ್ಲೇ ಉಳಿದವು. ಲಾಂಡ್ರಿ ಕೆಲಸ ಬಿಟ್ಟು, ಅಮ್ಮನ ಕೈಲಿ ಬೈಸಿಕೊಂಡು, ಡೆಟ್ರಾಯ್ಟಿನ ಹೇಸ್ಟಿಂಗ್ಸ್ ಸ್ಟ್ರೀಟಿನ ಜಾಝ್ ಕ್ಲಬ್ಬು ರೂಬಿ ಲೌಂಜಿಗೆ ಅವಳು ಪಿಯಾನೋ ನುಡಿಸಲು ಬಂದಿದ್ದು ಅದೇ ಮೊದಲ ಮಧ್ಯಾಹ್ನ.

"ಏನಮ್ಮಾ, ಇಷ್ಟು ಬೇಗ ರಜಾನಾ?" ಮುಂದಿನ ಮೇಜಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಅವಳು ಬೆಳೆದದ್ದು ಚರ್ಚಿನ ಪಿಯಾನೋ ಮುಂದೆ. ಅಲ್ಲಿ ಪಾದ್ರಿ ಹಾಗೆ ಕೈ ಎತ್ತಿದರೆ ಅರ್ಥ ಒಂದೇ... ತಪ್ಪು ನುಡಿಸಿದ್ದೀಯ, ಸುಮ್ಮನಿರು.

'ತುಂಬಿದ ಸಭೆಯಲ್ಲಿ ಮಾನ ತೆಗೆದೆಯಲ್ಲೋ! ನನ್ನ ಪಿಯಾನೋ ಬೇಡ ತಾನೇ? ಇನ್ನು ಕಾಲಿಗೆ ಬಿದ್ದರೂ ಸಿಗಲ್ಲ!'

ಅವನ ಹೆಸರು ಲಿನ್‌ವುಡ್ ಟೇಟ್. ಅವತ್ತಿನಿಂದ ಹಾಡಿನಲ್ಲಿ ಅವನ ಸರದಿ ಬಂದಾಗಲೆಲ್ಲ ಅರ್ನೆಟ್ಟಾ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಮುಖ ಊದಿಸಿಕೊಂಡು ಕೂತುಬಿಡುತ್ತಿದ್ದಳು. ಬಾಸ್ ತಂತಿವಾದ್ಯ ಮತ್ತು ಡ್ರಮ್ ಮಾತ್ರ ಅವನ ಬೆನ್ನಿಗೆ.

ತಮಾಷೆ ನೋಡಿ, ಡೆಟ್ರಾಯ್ಟಿನ ಜನ ಅದನ್ನೇ ಹೊಸ ಶೈಲಿ ಅಂದುಕೊಂಡರು! ಶಿಕಾಗೋದಿಂದಲೂ ಕೇಳಲು ಬಂದರು.

"ನಿಮ್ಮ ಜಗಳಕ್ಕೆ ಜನ ಕ್ಯೂ ನಿಲ್ತಿದ್ದಾರೆ ಕಣಮ್ಮ," ಎನ್ನುತ್ತಿದ್ದ ಡ್ರಮ್ಮಿನ ಓಥಾ. "ರಾಜಿಗೀಜಿ ಆಗ್ಬಿಟ್ಟೀರಾ, ನನ್ನ ಮಕ್ಕಳು ಉಪವಾಸ!"

ಆದರೆ ಸುಮ್ಮನಿರುವುದು ಅಷ್ಟು ಸುಲಭವಾಗಿತ್ತೇ? ಅವನು ನಿಧಾನದ ಹಾಡು ಎತ್ತಿಕೊಂಡರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆರಳುಗಳು ಅವಳ ಮಾತು ಕೇಳದೆ ಮಂಡಿಯ ಮೇಲೆ ಅವನ ಹಾಡಿಗೆ ತಕ್ಕ ಸ್ವರಗಳನ್ನು ಒತ್ತುತ್ತಿದ್ದವು. ದ್ವೇಷಿಸಬೇಕೆಂದು ಹೊರಟವಳು ಪ್ರೀತಿಯಲ್ಲಿ ಬಿದ್ದಿದ್ದಳು, ಅದೂ ಒಂದು ಸ್ವರವನ್ನೂ ಅವನ ಜೊತೆ ನುಡಿಸದೆ!

ಅವನೋ, ಅವಳ ಮಂಡಿಯನ್ನೇ ನೋಡುತ್ತಿದ್ದ.

"ನಾಚ್ಕೆ ಆಗಲ್ವಾ ಮಿಸ್ಟರ್ ಟೇಟ್? ಕಣ್ಣೆಲ್ಲಿಟ್ಟಿದ್ದೀರಿ?" ಒಮ್ಮೆ ಕೇಳಿಯೇಬಿಟ್ಟಳು.

ಅವನು ಟೋಪಿ ಎತ್ತಿಕೊಂಡು ಎದ್ದು ಹೋಗಿದ್ದ.

ಹಿಮ ಕರಗುವ ಹೊತ್ತಿಗೆ ಓಥಾ ಸುದ್ದಿ ತಂದ. "ಲಿನ್‌ವುಡ್ ಇವತ್ತು ಸಂಜೆ ರೈಲಿಗೆ ನ್ಯೂಯಾರ್ಕಿಗೆ ಹೊರಟಿದ್ದಾನೆ. ಅಲ್ಲಿ ಬೇರೆ ತಂಡ ಸಿಕ್ಕಿದೆಯಂತೆ."

ಅರ್ನೆಟ್ಟಾ ವೇದಿಕೆಯ ಹಿಂದಕ್ಕೆ ಓಡಿದಳು. ಅವನ ಸೂಟ್‌ಕೇಸ್ ಗೋಡೆಗೊರಗಿತ್ತು.

"ಒಂದು ಮಾತೂ ಹೇಳದೆ ಹೋಗ್ತೀರಾ?"

"ಇದ್ದು ಏನ್ ಮಾಡ್ಲಿ, ಮಿಸ್ ಅರ್ನೆಟ್ಟಾ? ಚಳಿಗಾಲ ಪೂರ್ತಿ ನೀವು ನನ್ನ ಹಿಂದೆ ಒಂದು ಸ್ವರ ನುಡಿಸ್ಲಿಲ್ಲ. ನನ್ನ ವಾದ್ಯ ಅಷ್ಟು ಅಸಹ್ಯನಾ?"

"ಮೊದಲ ದಿನ ಎಲ್ಲರೆದುರು ಕೈ ಎತ್ತಿ ನಿಲ್ಸಿದ್ದು ಯಾರು?"

ಲಿನ್‌ವುಡ್ ಕಣ್ಣು ಕಣ್ಣು ಬಿಟ್ಟ. "ಅದಾ...! ಈಗಿನ ಜಾಝ್ ಹುಡುಗ್ರೆಲ್ಲ ಮಾಡ್ತಾರಲ್ರೀ! ಪಿಯಾನೋ ಹಾಡಿನ ಒಂದು ಸುತ್ತು ಬಿಟ್ಕೊಡುತ್ತೆ, ಸ್ಯಾಕ್ಸೊಫೋನ್ ಒಂಟಿಯಾಗಿ ತಿರುಗಾಡ್ಕೊಂಡು ಬರುತ್ತೆ. ಆಮೇಲೆ ಪಿಯಾನೋ ವಾಪಸ್. ಒಂದೇ ಸುತ್ತು! ನೀವು ವಾಪಸ್ ಬರ್ಲೇ ಇಲ್ಲ..."

ಅವಳು ಹಣೆ ಚಚ್ಚಿಕೊಂಡಳು. ದೇವರೇ, ಚರ್ಚಿನಲ್ಲಿ ಇದನ್ನು ಯಾರು ಕಲಿಸಿದ್ದರು?

"ಅದೂ ಅಲ್ದೆ," ಅವನು ತಲೆ ತಗ್ಗಿಸಿದ, "ನೀವು ನುಡಿಸೋದನ್ನ ಕೇಳ್ತಾ ಕೇಳ್ತಾ ಹಾಡಲ್ಲಿ ನಾನೆಲ್ಲಿದ್ದೀನಿ ಅನ್ನೋದೇ ಮರ್ತುಹೋಗಿತ್ತು. ನಿಲ್ಸದೆ ಇದ್ದಿದ್ರೆ ಬಾಯಿ ಬಿಟ್ಕೊಂಡು ನಿಂತಿರ್ತಿದ್ದೆ."

"ನಮ್ಮ ಸರದಿ ಬಂತು, ಬರ್ತೀರಾ ಇಲ್ವಾ?" ಓಥಾ ಕೂಗಿದ.

ಇಬ್ಬರೂ ವೇದಿಕೆಗೆ ಹೋದರು. ಅವನು ಎತ್ತಿಕೊಂಡದ್ದು ನಿಧಾನದ ಹಾಡು. ಅರ್ನೆಟ್ಟಾಳ ಕೈಗಳು ಅಭ್ಯಾಸಬಲದಿಂದ ತೊಡೆಗೆ ಹೋದವು, ಬೆರಳುಗಳು ಮಂಡಿಯ ಮೇಲೆ ಸ್ವರ ಒತ್ತತೊಡಗಿದವು. ಅವನ ಕಣ್ಣು ಮತ್ತೆ ಅವಳ ಮಂಡಿಗೆ ಬಂತು.

ಮಂಡಿಗಾ... ಅಥವಾ ಬೆರಳಿಗಾ?

ಮುಂದಿನ ತಿರುವಿನಲ್ಲಿ ಅವಳು ಬೇಕೆಂದೇ ಮಂಡಿಯ ಮೇಲೆ ಸ್ವರಗಳ ದಾರಿ ಬದಲಿಸಿದಳು. ಆ ಹಾಡಿನಲ್ಲಿ ಯಾರೂ ಹಿಡಿಯದ ದಾರಿ.

ಸ್ಯಾಕ್ಸೊಫೋನ್ ಕೂಡ ಅದೇ ದಾರಿ ಹಿಡಿಯಿತು!

ಇಷ್ಟು ದಿನವೂ ಅವನು ಅವಳ ಜೊತೆಯಲ್ಲೇ ನುಡಿಸಿದ್ದ. ಯಾರಿಗೂ ಕೇಳದ ಅವಳ ಪಿಯಾನೋ ಅವನೊಬ್ಬನಿಗೆ ಕಾಣುತ್ತಿತ್ತು.

ಲಿನ್‌ವುಡ್ ಒಂದು ಕೈ ಬಿಡಿಸಿದ. ಈ ಸಲ ಅಂಗೈ ಮೇಲ್ಮುಖವಾಗಿತ್ತು, ಬಾ ಎನ್ನುವ ಹಾಗೆ.

ಅವಳು ಕಣ್ಣೀರು ಒರೆಸಿಕೊಳ್ಳದೆಯೇ ಪಿಯಾನೋ ಮೇಲೆ ಎರಡೂ ಕೈ ಇಟ್ಟಳು.

"ಮುಗೀತು, ರಾಜಿ ಆಗ್ಬಿಟ್ರು!" ಓಥಾ ಗೊಣಗಿದ. ಅವನ ಕಣ್ಣೂ ಒದ್ದೆಯಾಗಿತ್ತು.

ಹಾಡು ಮುಗಿದಾಗ ಲಿನ್‌ವುಡ್ ಪಿಯಾನೋ ಪಕ್ಕ ಬಂದು ನಿಂತ.

"ರೈಲಿಗೆ ಹೊತ್ತಾಯ್ತಲ್ವಾ?" ಅವಳು ಕೇಳಿದಳು.

"ಹೋಗೋ ರೈಲು ಹೋಗ್ಲಿ. ನಿನ್ನ ಬಿಟ್ಟು ಇರೋಕಾಗಲ್ಲ ಅರ್ನೆಟ್ಟಾ... ಪ್ರೀತಿಸ್ತೀನಿ ಕಣೇ. ಇನ್ಯಾವತ್ತೂ ನಿನ್ನೆದುರು ಕೈ ಎತ್ತಲ್ಲ."

ಅವಳು ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಎತ್ತು... ಆದ್ರೆ ಒಂದೇ ಸುತ್ತು. ನಾನು ವಾಪಸ್ ಬರ್ತೀನಿ."