ಹಾಜರಿಯಲ್ಲಿ ಹನ್ನೊಂದನೆಯವನು

ದೊಡವಾಡದ ಸಮುದಾಯ ಭವನದಲ್ಲಿ ಸಂಜೆ ಐದಕ್ಕೆ ದೊಡ್ಡವರ ಸಾಲಿ. ಕಲಿಸುವವಳು ಬೈಲಹೊಂಗಲದಿಂದ ಬಸ್ಸಿಗೆ ಬರುವ ಮಾಲಾ. ಪುಸ್ತಕ ಬದಿಗಿಟ್ಟು, ಅವರವರ ಮನೆಮಂದಿಯ ಹೆಸರಿನಿಂದಲೇ ಅಕ್ಷರ ಕಲಿಸುವುದು ಅವಳ ಪದ್ಧತಿ. ಮೊದಲ ದಿನವೇ ಅದಕ್ಕೆ ಅಡ್ಡಿ ಬಂತು ನೋಡ್ರಿ.

"ಗಂಡನ ಹೆಸರ ಬಾಯಿಲೆ ಅನಬಾರದ್ರಿ ಅಕ್ಕಾರ," ಎಂದಳು ಅರವತ್ತರ ತಂಗೆವ್ವ.

"ಅನಬ್ಯಾಡ್ರಿ. ಬರೀರಿ. ಬರದ್ರ ಯಾರ ಬ್ಯಾಡಂತಾರ?"

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಪಕ್ಕದವಳು ಹೆಸರು ಹೇಳುವುದು, ಇವಳು ಬರೆಯುವುದು. ಎರಡು ತಿಂಗಳಲ್ಲಿ ಎಲ್ಲರ ಪಾಟಿಯ ಮೇಲೂ ಗಂಡಂದಿರು ಬಂದು ಕೂತರು.

ಅವರ ಜೊತೆ ಕಲಿಯಲು ಬರುತ್ತಿದ್ದ ಕಲ್ಮೇಶ ಮೂರನೇ ಕ್ಲಾಸಿಗೇ ಸಾಲಿ ಬಿಟ್ಟು ಎಮ್ಮೆಗಳ ಹಿಂದೆ ಹೋದವನು. ಈಗ ಮೂವತ್ತೆರಡು, ಇನ್ನೂ ಲಗ್ನ ಆಗಿಲ್ಲ. ಎಲ್ಲರೂ ಮಾಲಾಗೆ 'ಅಕ್ಕಾರ' ಅಂದರೆ ಇವನೊಬ್ಬ 'ಟೀಚರ್ರಿ' ಎನ್ನುತ್ತಿದ್ದ.

"ನಿಮಗಷ್ಟ ನಾ ಯಾಕ ಟೀಚರ್ರಿ?" ಎಂದು ಅವಳು ಕೇಳಿದರೆ, ಅವಳ ಬೆರಳಿಗೆ ಹತ್ತಿದ ಸೀಮೆಸುಣ್ಣ ನೋಡುತ್ತ ನಿಲ್ಲುತ್ತಿದ್ದ. ಕಿವಿ ಕೆಂಪಾಗುತ್ತಿದ್ದವು. ಉತ್ತರ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಮತ್ತೆ ಕೇಳುತ್ತಿದ್ದಳು.

ಹೋದ ವಾರ ಪತ್ರ ಬರೆಯುವ ಪಾಠ. ಅವನ ಹಾಳೆಯಲ್ಲಿ ಒಂದೇ ಸಾಲು: 'ಟೀಚರ್ರಿ, ಹೆಣ್ಣ ಕೇಳಾಕ ನಮ್ಮವ್ವನ್ನ ನಿಮ್ಮ ಮನಿಗೆ ಕಳಸ್ಲೇನ್ರಿ?'

ಮಾಲಾಳ ಕಣ್ಣು ಆ ಸಾಲಿನಲ್ಲೇ ಸಿಕ್ಕಿಕೊಂಡಿತು. ಕೈ ಮಾತ್ರ ತನ್ನ ರೂಢಿ ಬಿಡಲಿಲ್ಲ. ಎಲ್ಲರ ಪತ್ರಕ್ಕೂ ಮಾಡಿದಂತೆ ಕೆಂಪು ಪೆನ್ನಿನಲ್ಲಿ 'ಛಲೋ ಐತಿ' ಎಂದು ಬರೆದು, ಸಹಿ ಮಾಡಿ, ತಿರುಗಿ ಕೊಟ್ಟುಬಿಟ್ಟಳು. ಇಂಥ ಶಾಣ್ಯಾಕಿ ಅವಳು.

ಮರುದಿನ ಕಲ್ಮೇಶ ಹಿಂದಿನ ಗೋಡೆಗೆ ಆತು ಕೂತ. "ಹಾಜರ್ರಿ ಅಕ್ಕಾರ," ಎಂದ. ಆ 'ಅಕ್ಕಾರ' ಅವಳಿಗೆ ಮುಳ್ಳಿನಂತೆ ಚುಚ್ಚಿತು. ವಾರವಿಡೀ ಚುಚ್ಚುತ್ತಲೇ ಇತ್ತು.

ಇವತ್ತು ಕೊನೆಯ ಕ್ಲಾಸು. ಸೋಮವಾರದಿಂದ ಅವಳಿಗೆ ಮುನವಳ್ಳಿಯ ಸಾಕ್ಷರತಾ ಕೇಂದ್ರ. ಈಗ ಹೇಳದಿದ್ದರೆ ಆ ಪತ್ರ ಬರೀ ಪಾಠವಾಗಿಯೇ ಉಳಿದುಬಿಡುತ್ತದೆ, ಅವನೂ ದೂರವಾಗುತ್ತಾನೆ.

ಹಾಜರಿ ಕರೆದಳು. ಹತ್ತು ಹೆಸರು ಸಲೀಸಾಗಿ ಬಂದವು. ಹನ್ನೊಂದನೆಯದು ನಾಲಿಗೆಯ ತುದಿಯಲ್ಲೇ ನಿಂತಿತು. ಅದನ್ನು ಬಿಟ್ಟು ಹನ್ನೆರಡಕ್ಕೆ ಹೋದಳು.

"ಕಲ್ಮೇಶನ ಹೆಸರ ಬಿಟ್ರೆಲ್ಲರಿ ಅಕ್ಕಾರ," ಎಂದಳು ತಂಗೆವ್ವ.

ಮಾಲಾ ತಲೆ ತಗ್ಗಿಸಿದಳು. "ಬಾಯಿಲೆ ಅನ್ನಾಕ ಆಗವಲ್ದ ಬೇ."

ಯಾವ ಹೆಸರು ಬಾಯಿಗೆ ಬರುವುದಿಲ್ಲ ಎಂಬುದು ಅಲ್ಲಿದ್ದ ಹೆಂಗಸರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತಂಗೆವ್ವ ಎದ್ದು ಬಂದು ಅವಳ ಕೈಗೆ ಸೀಮೆಸುಣ್ಣ ಕೊಟ್ಟಳು.

"ಅನಬ್ಯಾಡ್ರಿ. ಬರೀರಿ."

ಮಾಲಾ ಹಲಗೆಯ ಮೇಲೆ ಬರೆದಳು. ತಿರುಗಿ ನೋಡುವ ಧೈರ್ಯವಾಗದೆ ಹಾಗೇ ನಿಂತಳು. ಹಿಂದೆ ಅವನು ಎದ್ದ ಸಪ್ಪಳ. ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ.

"ಕಲ್ಮೇಶ... ಅವ್ವನ್ನ... ಕಳಸ್ರಿ."

ಓದಿದ್ದು ಖರೆಯೋ ಇಲ್ಲವೋ ಎಂಬಂತೆ ಇನ್ನೊಮ್ಮೆ ಓದಿದ. ಆಮೇಲೆ ಅವಳು ತಿರುಗುವವರೆಗೂ ಕಾದ.

"ಹಾಜರ್ರಿ," ಎಂದ. "ಟೀಚರ್ರಿ."