ಹಿತ್ತಲ ಕಡೆಯಿಂದ ಬಾ!

“ಕೈ ಬಿಡಲೇ, ಸಂಗ್ಯಾ!”

ಸತೀಶಕುಮಾರನ ಬೂಟು ನನ್ನ ಬೆರಳುಗಳ ಮೇಲಿತ್ತು.

ಕಬ್ಬಿಣದ ಕಂಬಿಗೆ ಜೋತುಬಿದ್ದಿದ್ದೆ. ಕೆಳಗೆ ಅರ್ಧ ವಿಜಯಪುರದ ಹೊಲಸು ಕುದಿಯುತ್ತಿತ್ತು... ಅಥಣಿ ರಸ್ತೆಯಾಚೆಯ ಕೊಳಚೆ ನೀರು ಶುದ್ಧೀಕರಣ ಘಟಕ! ಟ್ಯಾಂಕಿನ ತಳದಿಂದ ಬ್ಲೋವರ್ ಗಾಳಿ ಊದುತ್ತದೆ. ಬರೀ ಗುಳ್ಳೆಯ ನೀರು ನೋಡಿ, ಮನುಷ್ಯನನ್ನು ತೇಲಿಸುವುದಿಲ್ಲ. ಎಂಥ ಈಜುಗಾರನೂ ಸೀದಾ ತಳಕ್ಕೆ!

“ನಾ ಬರೂದು ನಿನಗ ಯಾರು ಹೇಳಿದ್ರು?”

“ಮುಂಜಾನೇನ ಗೊತ್ತಿತ್ತು ಬಿಡು!” ಘಟಕದ ಸೂಪರ್‌ವೈಸರ್ ಸತೀಶಕುಮಾರ ಹಲ್ಲು ಕಿರಿದ.

ಗೊತ್ತಿದ್ದದ್ದು ಒಬ್ಬನಿಗೇ. ವಕೀಲ ಧೀರೇಂದ್ರ. ನನ್ನ ಜೊತೆ ಶಾಲೆ ಕಲಿತವನು. ಅವನ ಮೇಲೆ ಅನುಮಾನ ಪಡುವುದಕ್ಕಿಂತ ಟ್ಯಾಂಕಿಗೆ ಬೀಳುವುದೇ ವಾಸಿ!

ಕೇಸು ತಂದುಕೊಟ್ಟವನೂ ಅವನೇ. ಘಟಕದ ವಾಲ್ವ್ ತೆರೆದು ಹೊಲಸನ್ನು ನಾಲಾಕ್ಕೆ ಬಿಟ್ಟನೆಂದು ಕುರಿ ಕಾಯುವ ಅಮಸಿದ್ದನನ್ನು ಪೊಲೀಸರು ಒಳಗೆ ಹಾಕಿದ್ದರು. ಆ ನೀರು ಕುಡಿದು ಸತ್ತದ್ದು ಅವನ ಕುರಿಗಳೇ! ಅವನ ತಾಯಿ ಗುರುಸಿದ್ದವ್ವ ಬಿಜ್ಜರಗಿಯಿಂದ ಸ್ಟೇಷನ್ ರಸ್ತೆಯ ನನ್ನ ಡಿಟೆಕ್ಟಿವ್ ಆಫೀಸಿಗೆ ಬಂದು ಕಾಲು ಹಿಡಿದಿದ್ದಳು.

“ನನ್ನ ಮಗನ್ನ ಬಿಡಿಸ್ರಿ, ಯಪ್ಪಾ!”

ನಾಳೆ ಜಾಮೀನಿನ ವಿಚಾರಣೆ, ವಾದಿಸುವವನು ಧೀರೂ. ಸಾಕ್ಷಿ ಬೇಕಿತ್ತು.

ಸಿಕ್ಕಿತು! ವಾಲ್ವ್ ತಿರುಗಿಸುತ್ತಿದ್ದವನು ಸತೀಶಕುಮಾರನೇ. ವಿಡಿಯೋ ತೆಗೆದು ಧೀರೂಗೆ ಕಳಿಸಿದೆ. ತಲೆಯೆತ್ತುವಷ್ಟರಲ್ಲಿ ಸತೀಶಕುಮಾರ ಹಿಂದಿನಿಂದ ಬಂದು ಒದ್ದ... ಫೋನು ಟ್ಯಾಂಕಿನ ಪಾಲಾಯಿತು.

ಈಗ ನನ್ನ ಸರದಿ. ಬೂಟು ಒತ್ತಿತು. ಕೈ ಜಾರಿತು. ಬಿದ್ದೆ!

ಅಷ್ಟರಲ್ಲಿ ಕರೆಂಟ್ ಹೋಯಿತು!

ಬ್ಲೋವರ್ ಗಕ್ಕನೆ ನಿಂತಿತು. ಜೀವನದಲ್ಲಿ ಮೊದಲ ಸಲ ಕರೆಂಟ್ ತೆಗೆದವರಿಗೆ ಕೈಮುಗಿದೆ. ಈಜಿ ಆಚೆ ದಡ ಸೇರಿದೆ. ಕಾಂಪೌಂಡ್ ಹಾರಿದೆ. ಹಿಂದೆ ಸತೀಶಕುಮಾರನ ಬೈಕು... ಮುಂದೆ ದ್ರಾಕ್ಷಿ ತೋಟ! ಬಗ್ಗಿ ನುಗ್ಗಿದೆ. ಅವನ ಬೈಕು ಚಪ್ಪರದ ತಂತಿಗೆ ಸಿಕ್ಕಿ ಅಡ್ಡಬಿತ್ತು.

ಧೀರೂನ ಮನೆ ಹತ್ತಿರದಲ್ಲೇ. ಬಾಗಿಲಲ್ಲಿ ಅವನ ತಾಯಿ ಭಾಗೀರಥೀಬಾಯಿ ಮೂಗು ಮುಚ್ಚಿಕೊಂಡರು.

“ಅಯ್ಯ, ಹಿತ್ತಲ ಕಡಿಂದ ಬಾರಪ್ಪ! ಆ ಪ್ಲಾಂಟಿಗೆ ಹೋದವರು ಮೈ ತೊಳೀದ ನಮ್ಮ ಹೊಸ್ತಿಲ ದಾಟಂಗಿಲ್ಲ. ಧೀರೂನೂ ಈಗ ಅಲ್ಲಿಂದನ ಬಂದು ಹಿತ್ತಲಾಗ ಸ್ನಾನ ಮಾಡ್ಲಿಕ್ಕತ್ತಾನ. ಯಾವಾಗ ಹೋಗಿ ಬಂದ್ರೂ ಹಂಗ ಮಾಡ್ತಾನ, ಪಾಪ!”

ಅಲ್ಲಿಂದ? ಧೀರೂ ಕೋರ್ಟಿನಲ್ಲಿದ್ದೇನೆ ಅಂದಿದ್ದ! ಆ ಘಟಕದ ಗೇಟನ್ನೂ ನೋಡಿಲ್ಲ ಅಂದಿದ್ದ!

ಹಿತ್ತಲಲ್ಲಿ ಧೀರೂ ಕಣ್ಣು ಮುಚ್ಚಿ ಕೂತಿದ್ದ, ಮುಖದ ತುಂಬ ಸೋಪು. ಒಗೆಯುವ ಕಲ್ಲಿನ ಮೇಲೆ ಅವನ ಫೋನು ರಿಂಗಾಯಿತು. ಎತ್ತಿದೆ.

“ಸಾಹೇಬ್ರ, ಸಂಗ್ಯಾ ತಪ್ಪಿಸ್ಕೊಂಡಾನ್ರಿ! ಆ ವಿಡಿಯೋ ಮೊದ್ಲ ಡಿಲೀಟ್ ಮಾಡ್ರಿ!”

ಸತೀಶಕುಮಾರನ ದನಿ! ಅಂದರೆ ವಿಡಿಯೋ ಇನ್ನೂ ಇತ್ತು.

ಧೀರೂನ ಕೈ ಎಳೆದು ಹೆಬ್ಬೆರಳನ್ನು ಫೋನಿಗೆ ಒತ್ತಿದೆ. ತೆರೆಯಲಿಲ್ಲ. ಹಾಳಾದ ಸೋಪು! ಟವೆಲಿನಿಂದ ಬೆರಳು ಒರೆಸಿ ಮತ್ತೆ ಒತ್ತಿದೆ. ತೆರೆಯಿತು.

“ಯಾರದು?... ಸಂಗು!”

“ಯಾಕಲೇ?”

“ನಾ ಕಟ್ಟಿಸಿದ ಲೇಔಟಿನ ಮನಿಗಳ ಹೊಲಸು ಪ್ಲಾಂಟಿಗೆ ಹಿಡೀಲಿಲ್ಲೋ... ನಾಲಾಕ್ಕ ಬಿಡಿಸಿದೆ.”

“ಮತ್ತ ಕೇಸು ನನಗ್ಯಾಕ ಕೊಟ್ಟಿ?”

ಅವನು ತಲೆ ತಗ್ಗಿಸಿದ.

“ಏನು ಸಾಕ್ಷಿ ಸಿಕ್ರೂ ನೀ ಮೊದ್ಲ ನನಗ ಕಳಸ್ತಿ ಅಂತ ಗೊತ್ತಿತ್ತು.”

ಟ್ಯಾಂಕಿಗೆ ಬಿದ್ದಾಗ ಇಷ್ಟು ನೋವಾಗಿರಲಿಲ್ಲ. ಹೊಡೆಯಲು ಎತ್ತಿದ ಕೈ ತಾನಾಗಿ ಇಳಿಯಿತು. ಅಳು ಬಂತು... ನಗಬೇಡಿ!

ವಿಡಿಯೋವನ್ನು ಇನ್‌ಸ್ಪೆಕ್ಟರಿಗೆ ಕಳಿಸಿದೆ, ಮಾಡಿಸಿದವನ ಹೆಸರು, ಮನೆಯ ಲೊಕೇಶನ್ ಸಮೇತ. ಗುರುಸಿದ್ದವ್ವನ ಮಗ ಇನ್ನು ಹೊರಗೆ ಬಂದಂತೆಯೇ.

“ಬಿಟ್ಟುಬಿಡೋ ಸಂಗು, ಕೈಮುಗೀತೀನಿ...”

ಒಳಗಿನಿಂದ ಭಾಗೀರಥೀಬಾಯಿ ಕೂಗಿದರು. “ಎಲಿ ಹಾಕೀನಿ, ಇಬ್ಬರೂ ಊಟಕ್ಕ ಬರ್ರೋ!”

“ಧೀರೂಂದು ಡಬ್ಬಿ ಕಟ್ರಿ, ಕಾಕು. ಅವ ಪೊಲೀಸ್ ಸ್ಟೇಷನ್ನಾಗ ಉಣ್ತಾನ!”